ಅಳಿಯನಿಗೆ 74ರ ಜಾಗದಲ್ಲಿ 21 ಕಂಡಿದೆ: ಬಣ್ಣದ ಪರೀಕ್ಷೆ ಬಗ್ಗೆ ತಿಳಿದವರು ಹೇಳಿ

ತೋಟದ ಮಾವ (ಶಿರಸಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ತಂಗಿ ಮಗ ಕಾರವಾರದಲ್ಲಿ ಬೆಳೆದವನು. ಈಗ 23. ಚಿಕ್ಕವನಿದ್ದಾಗ ಅವನನ್ನು ಸಮಾಧಾನ ಮಾಡಬೇಕಾದರೆ ಶಿರವಾಡ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ರೈಲು ತೋರಿಸಬೇಕಿತ್ತು. ಅದೇ ಹುಚ್ಚಿನಲ್ಲಿ ಡಿಪ್ಲೊಮಾ ಮುಗಿಸಿ ಅಸಿಸ್ಟೆಂಟ್ ಲೋಕೋ ಪೈಲಟ್ ಪರೀಕ್ಷೆ ಬರೆದ. ಎರಡು ಹಂತದ ಕಂಪ್ಯೂಟರ್ ಪರೀಕ್ಷೆ ಪಾಸು, ಆಪ್ಟಿಟ್ಯೂಡ್ ಪಾಸು, ದಾಖಲೆ ಎಲ್ಲ ಸರಿ. ಹೋದ ವಾರ ಮೆಡಿಕಲ್. ದೂರದ ಅಕ್ಷರ ಕೊನೆಯ ಸಾಲಿನವರೆಗೂ ಓದಿದ್ದಾನೆ. ಆಮೇಲೆ ಚುಕ್ಕೆ ಚುಕ್ಕೆ ಇರುವ ಪುಸ್ತಕ ತೆರೆದಿದ್ದಾರೆ. 74 ಇರುವ ಹಾಳೆಯಲ್ಲಿ ಇವನು 21 ಅಂದನಂತೆ. ಇನ್ನು ಕೆಲವು ಹಾಳೆಯಲ್ಲಿ ಏನೂ ಇಲ್ಲ ಅಂದನಂತೆ. ಫೇಲ್.

ಹುಡುಗ ಮನೆಗೆ ಬಂದವನು ಕೋಣೆ ಸೇರಿದ್ದಾನೆ. ತಂಗಿ ಫೋನ್ ಮಾಡಿ ಅಳುತ್ತಾಳೆ. 23 ವರ್ಷ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಅವನಿಗೇ ಗೊತ್ತಿರಲಿಲ್ಲ. ಶಾಲೆಯಲ್ಲಿ ಎರಡು ಸಲ ಕಣ್ಣಿನ ಶಿಬಿರ ಆಗಿತ್ತು, ಎರಡು ಸಲವೂ ಅಕ್ಷರ ಓದಿಸಿ ಕಳಿಸಿದರು. ಬಣ್ಣದ ಮಾತೇ ಬರಲಿಲ್ಲ.

ಕೇಳಬೇಕಿರುವುದು ಇಷ್ಟು. ಪರೀಕ್ಷೆ ತಪ್ಪಾಗಿರಬಹುದಾ? ಔಷಧ ಉಂಟಾ? ಮುಂದೆ ಏನು ಮಾಡಬಹುದು?

ಸುಮ್ನೆ ಓದುವವ

ಮಾವಯ್ಯ, ಚಿಂತೆ ಬೇಡ. 40 ದಿನದ ಔಷಧ ಕೊಡುವವರು ಇದ್ದಾರೆ, ವಾಟ್ಸಾಪಿನಲ್ಲಿ ಬಂದಿತ್ತು. ಇಲ್ಲಾಂದ್ರೆ ಪುಸ್ತಕ ಬಾಯಿಪಾಠ ಮಾಡಿಸಿ. 12, 8, 6, 29, 57... ನೆಟ್‌ನಲ್ಲಿ ಎಲ್ಲ ಇದೆ.

ಕನ್ನಡಕದಂಗಡಿ (ಕುಮಟಾ)

ಮೇಲಿನವರ ಮಾತು ಕೇಳಿ ದುಡ್ಡು ಕಳೆಯಬೇಡಿ. ನಾನು ಆಪ್ಟೋಮೆಟ್ರಿಸ್ಟ್, ದಿನಾ ಇದೇ ಕೆಲಸ. ಹುಟ್ಟಿನಿಂದ ಬಂದ ಬಣ್ಣದ ದೋಷಕ್ಕೆ ಹನಿ, ಮಾತ್ರೆ, ಕಷಾಯ, ಕಣ್ಣಿನ ವ್ಯಾಯಾಮ ಯಾವುದೂ ಇಲ್ಲ. ಬಾಯಿಪಾಠದ ಕಥೆ ಏನಂದರೆ, ತಿಳಿದ ಪರೀಕ್ಷಕರು ಹಾಳೆಯ ಕ್ರಮ ಬದಲಿಸುತ್ತಾರೆ. ಪುಸ್ತಕ ತಲೆಕೆಳಗೂ ಹಿಡಿಯುತ್ತಾರೆ. ಅದನ್ನು ದಾಟಿದರೂ ಮುಂದೆ ಲ್ಯಾಂಟರ್ನ್ ಇದೆ, ಕತ್ತಲೆ ಕೋಣೆಯಲ್ಲಿ ದೀಪದ ಬಣ್ಣ ಹೇಳಿಸುವ ಪರೀಕ್ಷೆ.

ಮಾವ ಅವರೇ, ಹುಡುಗ ನೋಡಿದ್ದು ಇಶಿಹಾರ ಪುಸ್ತಕ. ಜಪಾನಿನ ಕಣ್ಣಿನ ವೈದ್ಯ ಶಿನೋಬು ಇಶಿಹಾರ ಸೈನ್ಯಕ್ಕಾಗಿ ಮಾಡಿದ್ದು, ಮೊದಲು ಅಚ್ಚಾಗಿದ್ದು 1917ರಲ್ಲಿ. ಪೂರ್ತಿ ಪುಸ್ತಕದಲ್ಲಿ 38 ಹಾಳೆ. ಮೊದಲ ಹಾಳೆಯ 12 ಎಲ್ಲರಿಗೂ ಕಾಣುತ್ತದೆ. ಅದೂ ಕಾಣಲ್ಲ ಅಂದವನು ನಾಟಕ ಮಾಡುತ್ತಿದ್ದಾನೆ, ಇಲ್ಲವೇ ದೃಷ್ಟಿಯೇ ಮಂದ. ಎರಡನೆಯದರಲ್ಲಿ ನಮಗೆ 8, ಕೆಂಪು-ಹಸಿರು ದೋಷ ಇದ್ದವರಿಗೆ 3. ನಿಮ್ಮ ಅಳಿಯ ಹೇಳಿದ 21 ಕೂಡ ಅದೇ ಜಾತಿಯದು. ಅವನು ತಪ್ಪು ಓದಲಿಲ್ಲ. ಅವನ ಕಣ್ಣಿಗೆ ಕಾಣಲಿ ಅಂತಲೇ ಆ 21 ಅಲ್ಲಿ ಬರೆದಿದೆ.

ಪರೀಕ್ಷೆ ತಪ್ಪಾಗಬಹುದಾ ಅಂದರೆ, ಮಾಡುವ ರೀತಿ ತಪ್ಪಾಗಬಹುದು. ಹಗಲು ಬೆಳಕು ಬೇಕು. ಹಳದಿ ಬಲ್ಬಿನ ಕೆಳಗೆ ಮಾಡಿದರೆ ಪುಸ್ತಕದ ಬಣ್ಣವೇ ಬೇರೆ ಆಗುತ್ತದೆ. 75 ಸೆಂಟಿಮೀಟರ್ ದೂರ, ಒಂದು ಹಾಳೆಗೆ 3 ಸೆಕೆಂಡಿನೊಳಗೆ ಉತ್ತರ. ಪುಸ್ತಕವನ್ನು ಬಿಸಿಲಲ್ಲಿ ಬಿಟ್ಟರೆ ಬಣ್ಣ ಮಾಸುತ್ತದೆ. ಬೆರಳಾಡಿಸಿ ಆಡಿಸಿ ಕೊಳೆಯಾದ ಪುಸ್ತಕವನ್ನೂ ನೋಡಿದ್ದೇನೆ. ಮೊಬೈಲಿನಲ್ಲಿ ನೋಡಿ ನಿರ್ಧಾರ ಮಾಡುವುದಂತೂ ಬೇಡವೇ ಬೇಡ. ಆದರೂ 74ಕ್ಕೆ 21 ಅಂತ ಸರಾಗವಾಗಿ ಹೇಳಿದ್ದಾನೆ ಅಂದರೆ ಬರೀ ಬೆಳಕಿನ ತಪ್ಪು ಅಂತ ನನಗೆ ಅನಿಸುವುದಿಲ್ಲ.

ಒಂದು ಕೇಳಿ ಹೇಳಿ. ಅವನು ಫೇಲಾಗಿದ್ದು ಪುಸ್ತಕದಲ್ಲಿ ಮಾತ್ರವಾ, ಲ್ಯಾಂಟರ್ನಿನಲ್ಲೂನಾ?

ಗೋಟಡಿಕೆ (ಸಿದ್ದಾಪುರ ಕಡೆ)

ಮಾವಯ್ಯ, ನಾನೂ ಅದೇ ಗಿರಾಕಿ. ವಯಸ್ಸು 51. ಇಷ್ಟು ವರ್ಷ ತೋಟ ಮಾಡಿಕೊಂಡೇ ಬಂದಿದ್ದೇನೆ.

ನನಗೆ ಗೊತ್ತಾಗಿದ್ದು ಕಾಳುಮೆಣಸಿನಲ್ಲಿ. ಒಂದು ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಯಬೇಕು, ಅಲ್ವಾ? ಕೆಳಗೆ ನಿಂತು ಅಪ್ಪಯ್ಯ "ಅದೋ ಅಲ್ಲಿ, ಕೆಂಪಾಗಿದ್ದು ಕಾಣ್ತಿಲ್ವೇನೋ ಮಾಣಿ" ಅಂತ ಕೂಗುವುದು, ಏಣಿಯ ಮೇಲೆ ನಾನು ಬಾಯಿ ಬಿಟ್ಟುಕೊಂಡು ನೋಡುವುದು. ಕೈ ಹತ್ತಿರ ಇದ್ದರೂ ಕಾಣುತ್ತಿರಲಿಲ್ಲ. ಸೋಮಾರಿ ಅಂತ ಬೈಸಿಕೊಂಡಿದ್ದಕ್ಕೆ ಲೆಕ್ಕ ಇಲ್ಲ. ಈಗ ಹಿಸುಕಿ ನೋಡುತ್ತೇನೆ. ಹಣ್ಣಾದ ಕಾಳು ಮೆತ್ತಗೆ ಇರುತ್ತದೆ, ಸಿಪ್ಪೆ ಜಾರುತ್ತದೆ.

ಅಡಿಕೆಯಲ್ಲಿ ತೊಂದರೆ ಇನ್ನೊಂದು ಥರ. ಬೇಯಿಸಿದ ಅಡಿಕೆಗೆ ಚೊಗರು (ಅಡಿಕೆ ಬೇಯಿಸಿ ಉಳಿದ ಗಟ್ಟಿ ನೀರು) ಹಿಡಿದು ಬಣ್ಣ ಸರಿ ಬಂತಾ ಅಂತ ನನ್ನನ್ನು ಕೇಳಿದರೆ ಉಪಯೋಗ ಇಲ್ಲ. ಹೊಳಪು ಗೊತ್ತಾಗುತ್ತದೆ, ಕೆಂಪು ಗೊತ್ತಾಗುವುದಿಲ್ಲ. ಅದು ನಮ್ಮ ಮನೆಯವಳ ಡಿಪಾರ್ಟ್‌ಮೆಂಟು.

ಜನ ಕೇಳುವ ಪ್ರಶ್ನೆ ಮಾತ್ರ ತಲೆ ಕೆಡಿಸುತ್ತದೆ. "ಇದು ಯಾವ ಬಣ್ಣ? ಇದು?" ಅಂತ ಅಂಗಿ, ಚೀಲ, ಬಕೆಟ್ಟು ಎಲ್ಲ ತೋರಿಸುತ್ತಾರೆ. ಸರ್ಕಸ್ಸಿನ ಪ್ರಾಣಿ ಅಂದುಕೊಂಡಿದ್ದಾರೆ.

ಬೈತಖೋಲದ ಬೋಟು (ಕಾರವಾರ)

ಗೋಟಡಿಕೆಯವರೇ, ನಮ್ಮಲ್ಲಿ ಮೀನಿನ ಕಿವಿರು. ನಮ್ಮ ಬೋಟಿನ ಒಬ್ಬ ಖಲಾಸಿಗೆ ಬಂಗಡೆಯ ಕಿವಿರು ಎತ್ತಿ ತೋರಿಸಿದರೆ ಕೆಂಪೋ ಕಂದೋ ಹೇಳಲು ಬರುವುದಿಲ್ಲ. ಮೂಗಿಗೆ ಹಿಡಿದು ಹೇಳುತ್ತಾನೆ. ಮೂಗು ತಪ್ಪಿದ್ದು ನಾನು ನೋಡಿಲ್ಲ.

ಆದರೆ ಬೋಟು ನಡೆಸುವ ತಾಂಡೇಲ ರಾತ್ರಿ ಚುಕ್ಕಾಣಿಗೆ ಅವನೊಬ್ಬನನ್ನೇ ಬಿಡುವುದಿಲ್ಲ. ಸಮುದ್ರದಲ್ಲಿ ದೀಪವೇ ಭಾಷೆ. ಎಡಗಡೆ ಕೆಂಪು, ಬಲಗಡೆ ಹಸಿರು. ಎದುರಿನ ಬೋಟಿನ ಕೆಂಪು ಕಂಡರೆ ಅದರ ಎಡಪಕ್ಕ ನಮಗೆ ಕಾಣುತ್ತಿದೆ ಅಂತ ಅರ್ಥ. ಬಿಳಿ ದೀಪದ ಮೇಲೆ ಹಸಿರು ಇದ್ದರೆ ಟ್ರಾಲ್ ಎಳೆಯುತ್ತಿದ್ದಾರೆ. ಬಿಳಿಯ ಮೇಲೆ ಕೆಂಪು ಇದ್ದರೆ ಬೇರೆ ಬಲೆ ಹಾಕಿದ್ದಾರೆ. ಬಂದರಿಗೆ ಒಳಗೆ ಬರುವಾಗ ದಾರಿ ತೋರಿಸಲು ತೇಲಿಬಿಟ್ಟ ಕೆಂಪು ಬೋಯಾ ಎಡಕ್ಕೆ, ಹಸಿರು ಬಲಕ್ಕೆ. ಹಗಲಲ್ಲಿ ಬೋಯಾದ ಆಕಾರ ನೋಡಿ ಹೇಳಬಹುದು, ಕೆಂಪಿನದು ಡಬ್ಬಿ ಥರ, ಹಸಿರಿನದು ಮೊನಚು. ರಾತ್ರಿ ಆಕಾರ ಎಲ್ಲಿದೆ?

ಅದಕ್ಕೇ ಹೇಳುತ್ತೇನೆ, ಹುಡುಗನಿಗೆ ಬೇಜಾರಾಗಿದ್ದು ಸರಿ, ಆದರೆ ನಿಯಮ ಸುಮ್ನೆ ಮಾಡಿದ್ದಲ್ಲ.

ಸುಮ್ನೆ ಓದುವವ

ಇದು ಒಪ್ಪಲ್ಲ. ರಸ್ತೆ ಸಿಗ್ನಲ್ಲಿನಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ. ಬಣ್ಣ ತಿಳಿಯದಿದ್ದರೂ ಜಾಗ ನೋಡಿ ಓಡಿಸುತ್ತಾರೆ. ರೈಲಿನಲ್ಲಿ ಮಾತ್ರ ಯಾಕೆ ಆಗಲ್ಲ? ಲೈಸೆನ್ಸ್ ಕೂಡ ಈಗ ಕೊಡುತ್ತಾರಲ್ಲ.

ಕನ್ನಡಕದಂಗಡಿ (ಕುಮಟಾ)

ಲೈಸೆನ್ಸ್ ವಿಷಯ ಸರಿ. 2020ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಇಲಾಖೆ ನಿಯಮ ತಿದ್ದಿತು. ಸಣ್ಣ ಮತ್ತು ಮಧ್ಯಮ ದೋಷ ಇರುವವರಿಗೆ ಕೊಡಬಹುದು, ತೀವ್ರ ಇದ್ದವರಿಗೆ ಇಲ್ಲ. ಮಾವ ಅವರೇ, ಇದನ್ನು ಹುಡುಗನಿಗೆ ಮೊದಲು ಹೇಳಿ, ಬೈಕ್ ಕೀ ಕೂಡ ಬಿಟ್ಟಿಟ್ಟಿರುತ್ತಾನೆ.

ರೈಲಿನ ಮಾತು ಬೇರೆ. ನಮ್ಮ ಮೂರು ದೀಪದ ರೈಲ್ವೆ ಸಿಗ್ನಲ್ಲಿನಲ್ಲಿ ಕೆಂಪು ಕೆಳಗಿದೆ, ಹಸಿರು ಮೇಲೆ. ರಸ್ತೆಯದಕ್ಕೆ ಉಲ್ಟಾ. ಸರಿ, ಅದನ್ನೂ ಕಲಿಯಬಹುದು ಅನ್ನಿ. ಆದರೆ ರಾತ್ರಿ ದೂರದಿಂದ ಕಂಬ ಕಾಣುವುದಿಲ್ಲ, ಕತ್ತಲೆಯಲ್ಲಿ ಒಂದೇ ಒಂದು ಚುಕ್ಕೆ. ಮೇಲಿನದೋ ಕೆಳಗಿನದೋ ಯಾರು ಹೇಳುತ್ತಾರೆ? ನಮ್ಮ ಕರಾವಳಿಯ ಜುಲೈ ಮಳೆಯಲ್ಲಿ ಕೊಂಕಣ ರೈಲಿನ ಎಂಜಿನ್ನಿನ ಗಾಜಿನಿಂದ ಹೊರಗೆ ನೋಡುವುದನ್ನು ನೆನೆಸಿಕೊಳ್ಳಿ.

ಲ್ಯಾಂಟರ್ನ್ ಪರೀಕ್ಷೆ ಹುಟ್ಟಿದ್ದೇ ಇದಕ್ಕೆ. ಎಡ್ರಿಜ್-ಗ್ರೀನ್ ಲ್ಯಾಂಟರ್ನ್ ಅಂತ ಹೆಸರು. ಕತ್ತಲೆ ಕೋಣೆ, ಒಂದು ಪೆಟ್ಟಿಗೆ, ಅದರಲ್ಲೊಂದು ತೂತು. ತೂತಿನಿಂದ ಬಣ್ಣದ ಬೆಳಕು. ಕೇಂದ್ರ ಸೇವೆಗಳ ನಿಯಮದಲ್ಲಿ ದೂರ 16 ಅಡಿ, ನೋಡಲು 5 ಸೆಕೆಂಡು. ಮೇಲಿನ ದರ್ಜೆಗೆ ತೂತು ಬರೀ 1.3 ಮಿಲಿಮೀಟರ್, ಕೆಳಗಿನ ದರ್ಜೆಗೆ 13. ಮಂಜು ಕವಿದಂತೆ ಕಾಣಿಸುವ ಗಾಜೂ ಅದರಲ್ಲಿದೆ. ಹತ್ತಿರ ಇಟ್ಟ ಟೊಮೆಟೊ ಕೆಂಪು ಅಂತ ಸರಿಯಾಗಿ ಹೇಳುವ ಎಷ್ಟೋ ಹುಡುಗರು ಈ 1.3ರ ತೂತಿನ ಎದುರು ತಡವರಿಸುತ್ತಾರೆ. ಬಣ್ಣದ ಚುಕ್ಕೆ ಸಣ್ಣದಾದಷ್ಟೂ ದೋಷ ಜಾಸ್ತಿ ಕಾಡುತ್ತದೆ. ಗೋಟಡಿಕೆಯವರ ಮೆಣಸಿನ ಕಾಳೂ ಅದೇ ಅಲ್ವಾ?

ಅಂಕೋಲಾ ಮೇಷ್ಟ್ರು

ವಿಜ್ಞಾನ ಹೇಳಿಕೊಡುವವನು ನಾನು, ಮಾತಾಡದೆ ಇರಲಾರೆ.

ಕಣ್ಣಿನ ಪರದೆಯಲ್ಲಿ ಬಣ್ಣಕ್ಕೆ ಮೂರು ಥರದ ಶಂಕು ಕೋಶ. ಸುಲಭಕ್ಕೆ ಕೆಂಪಿನದು, ಹಸಿರಿನದು, ನೀಲಿಯದು ಅನ್ನೋಣ. ಕೆಂಪು, ಹಸಿರಿನ ಜೀನ್‌ಗಳು ಎಕ್ಸ್ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಕೂತಿವೆ. ಎರಡೂ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ನಕಲಾಗುವಾಗ ಒಂದರ ತುಂಡು ಇನ್ನೊಂದಕ್ಕೆ ಸೇರಿ ಕಲಸುಮೇಲೋಗರ ಆಗುತ್ತದೆ. ಗಂಡಿಗೆ ಎಕ್ಸ್ ಇರುವುದು ಒಂದೇ, ಹಾಗಾಗಿ ಅದು ಕೆಟ್ಟರೆ ಬದಲಿ ಇಲ್ಲ. ಉತ್ತರ ಯುರೋಪಿನ ಮೂಲದ ಗಂಡಸರಲ್ಲಿ ಸುಮಾರು 8%, ಹೆಂಗಸರಲ್ಲಿ ಸುಮಾರು 0.5% ಮಂದಿಗೆ ಇದು ಇದೆ. ನೀಲಿಯ ಜೀನ್ ಮಾತ್ರ ಬೇರೆ ಕಡೆ, 7ನೇ ಕ್ರೋಮೋಸೋಮಿನಲ್ಲಿ.

ಇದನ್ನು ಮೊದಲು ಸರಿಯಾಗಿ ಬರೆದಿಟ್ಟವರಲ್ಲಿ ಒಬ್ಬ ಜಾನ್ ಡಾಲ್ಟನ್. ನಾವು ಮಕ್ಕಳಿಗೆ ಪರಮಾಣುವಿನ ಪಾಠ ಮಾಡುವಾಗ ಬರುವ ಅದೇ ಡಾಲ್ಟನ್. ಒಂದು ಗುಲಾಬಿ ಬಣ್ಣದ ಜೆರೇನಿಯಂ ಹೂವು ಹಗಲಲ್ಲಿ ಒಂದು ಬಣ್ಣ, ಮೇಣದ ಬತ್ತಿಯಲ್ಲಿ ಪೂರಾ ಬೇರೆ ಬಣ್ಣ ಕಂಡಿತು. ಗೆಳೆಯರನ್ನು ಕೇಳಿದರೆ ಯಾರಿಗೂ ಹಾಗಿಲ್ಲ, ಅಣ್ಣನೊಬ್ಬನಿಗೆ ಮಾತ್ರ ಹೌದು. 1794ರಲ್ಲಿ ಪ್ರಬಂಧ ಓದಿದ. ತನ್ನ ಕಣ್ಣಿನೊಳಗಿನ ದ್ರವ ನೀಲಿ ಇರಬೇಕು, ಸತ್ತ ಮೇಲೆ ತೆಗೆದು ನೋಡಿ ಅಂದ. 1844ರಲ್ಲಿ ತೀರಿಕೊಂಡಾಗ ನೋಡಿದರು. ನೀಲಿಯೂ ಇಲ್ಲ, ಏನೂ ಇಲ್ಲ, ತಿಳಿ ನೀರಿನಂತಿತ್ತು. ಆದರೆ ಕಣ್ಣನ್ನು ಎಸೆಯಲಿಲ್ಲ! 1995ರಲ್ಲಿ ಅದರ ಡಿಎನ್ಎ ತೆಗೆದು ನೋಡಿದರೆ ಹಸಿರಿನ ಕೋಶದ ಜೀನ್ ಕಾಣೆ. 150 ವರ್ಷ ಕಾದು ಉತ್ತರ ಸಿಕ್ಕಿತು. ನಮ್ಮ ಮಕ್ಕಳು ಲ್ಯಾಬಿನಲ್ಲಿ ಐದು ನಿಮಿಷ ಕಾಯುವುದಿಲ್ಲ.

ಮಾವ ಅವರೇ, ನಿಮ್ಮ ಮನೆಯ ವಿಷಯ ಒಂದು ಕೇಳಲಾ? ಈ ಜೀನ್ ಹುಡುಗನಿಗೆ ಅಪ್ಪನಿಂದ ಬಂದಿರುವುದಿಲ್ಲ. ತಾಯಿಯಿಂದ ಬಂದಿದೆ. ಅಂದರೆ ನಿಮ್ಮ ತಂಗಿಯಿಂದ. ನಿಮ್ಮ ತಂದೆಯವರಿಗೆ ಬಣ್ಣ ಹೇಗೆ?

ತೋಟದ ಮಾವ (ಶಿರಸಿ)

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಕೂತಲ್ಲೇ ಕೂತೆ.

ಅಪ್ಪಯ್ಯನಿಗೆ ಈಗ 76. ನಮ್ಮ ಮನೆಯಲ್ಲಿ ಮೆಣಸು ಕೊಯ್ಯುವುದು ಯಾವಾಗಲೂ ಆಯಿಯ ಕೆಲಸವಾಗಿತ್ತು, ಇಲ್ಲವೇ ಆಳಿನದು. ಅಪ್ಪಯ್ಯ ಏಣಿ ಹಿಡಿದು ನಿಲ್ಲುತ್ತಿದ್ದ. "ನನಗೆ ತಲೆ ತಿರುಗ್ತು" ಅಂತಿದ್ದ. ಅದೇ ಮನುಷ್ಯ ಅಡಿಕೆ ಕೊಯ್ಯುವ ಕೊನೆಗೌಡ ಬರದ ದಿನ ತಾನೇ ಅಡಿಕೆ ಮರ ಹತ್ತುತ್ತಿದ್ದ! ಆಗ ತಲೆ ತಿರುಗುತ್ತಿರಲಿಲ್ಲ. ನಾವು ಯಾರೂ ಇದನ್ನು ಯೋಚನೆ ಮಾಡಿರಲಿಲ್ಲ.

ಲ್ಯಾಂಟರ್ನ್ ವಿಷಯ ಅಳಿಯನನ್ನು ಕೇಳಿದೆ. ಮೂರು ದಿನದ ಮೇಲೆ ಮೊದಲ ಸಲ ಬಾಯಿ ಬಿಟ್ಟ. ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿದ್ದರಂತೆ. ಬಿಳಿಗೆ ಹಸಿರು ಅಂದನಂತೆ, ಹಸಿರಿಗೆ ಬಿಳಿ. ಎರಡರಲ್ಲೂ ಫೇಲ್.

ಕೆಂಪು ಕನ್ನಡಕ, ಕೆಂಪು ಲೆನ್ಸ್ ಅಂತ ಏನೋ ಇದೆಯಂತಲ್ಲ, ಅದರ ಬಗ್ಗೆ ಹೇಳಿ ಮೇಡಂ.

ಕನ್ನಡಕದಂಗಡಿ (ಕುಮಟಾ)

ಮಾರಾಟ ಮಾಡುವವಳು ನಾನೇ, ಆದರೂ ಹೇಳುತ್ತೇನೆ, ಬೇಡ. ಕೆಂಪು ಲೆನ್ಸ್ ಹಾಕಿದರೆ ಕೆಲವು ಚುಕ್ಕೆ ಕಪ್ಪಾಗಿ ಕೆಲವು ಬೆಳ್ಳಗಾಗಿ ಇಶಿಹಾರದ ಅಂಕಿ ಎದ್ದು ಕಾಣುತ್ತದೆ. ಪಾಸಾದೆ ಅನಿಸುತ್ತದೆ. ಆದರೆ ಕಣ್ಣಿಗೆ ಹೊಸ ಬಣ್ಣ ಬರಲಿಲ್ಲ, ಇರುವ ಬೆಳಕಿನಲ್ಲಿ ಒಂದಿಷ್ಟು ತಡೆದಿರಿ ಅಷ್ಟೇ. ವಿಡಿಯೋಗಳಲ್ಲಿ ಹಾಕಿಕೊಂಡು ಅಳುತ್ತಾರಲ್ಲ, ಆ ಕನ್ನಡಕಗಳನ್ನು ಸ್ಪೇನಿನ ಗ್ರನಾಡಾ ವಿಶ್ವವಿದ್ಯಾಲಯದವರು 2018ರಲ್ಲಿ ಪರೀಕ್ಷಿಸಿದರು. ಸಾಮಾನ್ಯ ಬಣ್ಣದ ದೃಷ್ಟಿ ಬರುವುದಿಲ್ಲ ಅಂತಲೇ ಫಲಿತಾಂಶ. ಮೆಡಿಕಲ್‌ನಲ್ಲಿ ಹಾಕಿಕೊಂಡು ಹೋದರೆ ಹಿಡಿಯುತ್ತಾರೆ.

ನಾನು ಹೇಳುವುದು ಬೇರೆ. ಪುಸ್ತಕ "ದೋಷ ಇದೆಯಾ" ಅಂತ ಕೇಳುತ್ತದೆ. ಲ್ಯಾಂಟರ್ನ್ "ಈ ಕೆಲಸಕ್ಕೆ ಆಗುತ್ತದೆಯಾ" ಅಂತ ಕೇಳುತ್ತದೆ. "ಎಷ್ಟಿದೆ" ಅಂತ ಹುಡುಗನಿಗೆ ಇನ್ನೂ ಯಾರೂ ಹೇಳಿಲ್ಲ. ಅದಕ್ಕೆ ಡಿ-15 ಮಾಡಿಸಿ. ನನ್ನಲ್ಲಿ ಇಲ್ಲ, ಹುಬ್ಬಳ್ಳಿಯಲ್ಲಿ ಸಿಗುತ್ತದೆ. 15 ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಜೋಡಿಸುವುದು, ಅಷ್ಟೇ. ಅಮೆರಿಕದ ಫಾರ್ನ್ಸ್‌ವರ್ತ್ ಮಾಡಿದ್ದು, 1947ರದು. ದೋಷ ಜಾಸ್ತಿ ಇದ್ದವರು ನೀಲಿಯ ಪಕ್ಕಕ್ಕೆ ನೇರಳೆ ತಂದಿಡುತ್ತಾರೆ. ಅವರದೇ ಇನ್ನೊಂದು ದೊಡ್ಡ ಪರೀಕ್ಷೆ ಇದೆ, ಹೆಸರು 100 ಹ್ಯೂ, ಬಿಲ್ಲೆ ಇರುವುದು 85. ಹೆಸರಿಗೂ ಲೆಕ್ಕಕ್ಕೂ ತಾಳೆ ಇಲ್ಲ, ನಾನೇನು ಮಾಡಲಿ!

ಅಂಕೋಲಾ ಮೇಷ್ಟ್ರು

ಎಲ್ಲಕ್ಕಿಂತ ಖಚಿತವಾದದ್ದು ಅನೋಮಲೋಸ್ಕೋಪ್. ಕೊಳವೆಯಲ್ಲಿ ಕಣ್ಣಿಟ್ಟರೆ ಒಂದು ಗೋಲ, ಅರ್ಧ ಹಳದಿ. ಇನ್ನರ್ಧದಲ್ಲಿ ಕೆಂಪು ಹಸಿರು ಬೆರೆಸಿ ಅದೇ ಹಳದಿ ಮಾಡಬೇಕು, ತಿರುಪು ತಿರುಗಿಸಿ. ಹಸಿರಿನ ಕೋಶ ದುರ್ಬಲ ಇದ್ದವನು ಹಸಿರು ಜಾಸ್ತಿ ಸುರಿಯುತ್ತಾನೆ, ಕೆಂಪಿನದು ದುರ್ಬಲ ಇದ್ದವನು ಕೆಂಪು ಜಾಸ್ತಿ. ಸಾರಿಗೆ ಉಪ್ಪು ಹಾಕುವಾಗ ನಾಲಿಗೆ ಕೆಟ್ಟವನ ಕಥೆಯೇ. ಲಾರ್ಡ್ ರೇಲೀ 1881ರಲ್ಲಿ ಕಂಡುಕೊಂಡಿದ್ದು, ಜರ್ಮನಿಯ ನಾಗೆಲ್ 1907ರಲ್ಲಿ ಯಂತ್ರ ಮಾಡಿದ.

ರೈಲಿಗೂ ಬಣ್ಣ ಪರೀಕ್ಷೆಗೂ ನಂಟು ಹಳೆಯದು. 1875ರಲ್ಲಿ ಸ್ವೀಡನ್ನಿನ ಲಾಗರ್ಲುಂಡದಲ್ಲಿ ಎರಡು ರೈಲು ಡಿಕ್ಕಿ ಹೊಡೆದವು. ಹೋಮ್‌ಗ್ರೆನ್ ಅನ್ನುವ ಶರೀರಶಾಸ್ತ್ರಜ್ಞ ಇದಕ್ಕೆ ಬಣ್ಣ ಕಾಣದ ನೌಕರ ಕಾರಣ ಇರಬಹುದು ಅಂತ ಹಟ ಹಿಡಿದು, ಉಣ್ಣೆಯ ಎಳೆಗಳ ಪರೀಕ್ಷೆ ತಂದ. ಹಸಿರು ಎಳೆ ಕೊಟ್ಟು ರಾಶಿಯಿಂದ ಅಂಥದ್ದನ್ನೇ ಹೆಕ್ಕು ಅನ್ನುವುದು. ಇವತ್ತು ಆ ಹಳೆ ಕಾಗದ ತಿರುವಿದ ಸಂಶೋಧಕರು ಅಪಘಾತಕ್ಕೆ ಬಣ್ಣವೇ ಕಾರಣ ಅನ್ನುವುದಕ್ಕೆ ಆಧಾರ ಗಟ್ಟಿ ಇಲ್ಲ ಅನ್ನುತ್ತಾರೆ. ಪರೀಕ್ಷೆ ಮಾತ್ರ ಊರೂರಿಗೆ ಹೋಯಿತು.

ಸುಮ್ನೆ ಓದುವವರ ವಾದದಲ್ಲೂ ಸ್ವಲ್ಪ ಹುರುಳಿದೆ. ಲಂಡನ್ನಿನ ಸಿಟಿ ಯೂನಿವರ್ಸಿಟಿಯವರು ವಿಮಾನದ ಪೈಲಟ್‌ಗಳಿಗೆ ಕಂಪ್ಯೂಟರ್ ಪರೀಕ್ಷೆ ಮಾಡಿದರು. ಮಿಣಮಿಣ ಅನ್ನುವ ಬೂದು ಚೌಕಗಳ ಮೇಲೆ ಒಂದು ಬಣ್ಣದ ತುಣುಕು ಓಡುತ್ತದೆ. ಯಾವ ಕಡೆ ಹೋಯಿತು ಅಂತ ಗುಂಡಿ ಒತ್ತಬೇಕು. ಮಿಣುಕುವುದರಿಂದ ಬೆಳಕು ಕಡಿಮೆ ಜಾಸ್ತಿ ನೋಡಿ ಊಹಿಸಲು ಆಗುವುದಿಲ್ಲ. 2009ರ ವರದಿಯಲ್ಲಿ ಏನು ಹೇಳಿದರು ಗೊತ್ತಾ? ದೋಷ ಇದ್ದವರಲ್ಲೂ ಸುಮಾರು 35% ಮಂದಿ ಪೈಲಟ್ ಕೆಲಸಕ್ಕೆ ಬೇಕಾದ ಬಣ್ಣವನ್ನು ಬೇರೆಯವರಷ್ಟೇ ಚೆನ್ನಾಗಿ ಗುರುತಿಸಬಲ್ಲರು.

ಕಾಳಿ ದಂಡೆ (ಸದಾಶಿವಗಡ)

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಹುಟ್ಟಿನಿಂದ ಇಲ್ಲದವರಿಗೂ ಬರುತ್ತದಾ? ನಮ್ಮ ಯಜಮಾನರಿಗೆ ಟಿಬಿ ಔಷಧ ನಡೆಯುತ್ತಿದೆ. ಎರಡು ವಾರದಿಂದ ಕೆಂಪು ಸೀರೆ ಮಾಸಿದ ಹಾಗೆ ಕಾಣುತ್ತದೆ ಅನ್ನುತ್ತಾರೆ. ಕಣ್ಣೂ ಮಂಜಂತೆ.

ಕನ್ನಡಕದಂಗಡಿ (ಕುಮಟಾ)

ಅಕ್ಕಾ, ನಾಳೆಯೇ ಔಷಧ ಕೊಟ್ಟ ಡಾಕ್ಟರ್ ಹತ್ತಿರ ಹೋಗಿ, ಕಣ್ಣಿನ ಡಾಕ್ಟರಿಗೂ ತೋರಿಸಿ. ಟಿಬಿಗೆ ಕೊಡುವ ಎಥಾಂಬ್ಯುಟಾಲ್ ಕೆಲವರಲ್ಲಿ ಕಣ್ಣಿನ ನರಕ್ಕೆ ತೊಂದರೆ ಕೊಡುತ್ತದೆ, ಬಣ್ಣ ಮಾಸುವುದು ಅದರ ಗುರುತು. ನೀವೇ ಔಷಧ ನಿಲ್ಲಿಸಬೇಡಿ, ಕಾಯಲೂ ಬೇಡಿ. ಹುಟ್ಟಿನಿಂದ ಬಂದದ್ದು ಎರಡು ಕಣ್ಣಿಗೂ ಒಂದೇ ಥರ, ಹೆಚ್ಚುಕಡಿಮೆ ಆಗುವುದಿಲ್ಲ. ಆಮೇಲೆ ಬಂದದ್ದು ಒಂದು ಕಣ್ಣಿಗೆ ಜಾಸ್ತಿ ಇರಬಹುದು, ಬೆಳೆಯಲೂಬಹುದು. ಅದಕ್ಕೇ ಒಂದೊಂದೇ ಕಣ್ಣು ಮುಚ್ಚಿ ಪರೀಕ್ಷೆ ಮಾಡಬೇಕು.

ಕಾಳಿ ದಂಡೆ (ಸದಾಶಿವಗಡ)

ಬೆಳಿಗ್ಗೆ ಹೋಗುತ್ತೇವೆ. ದೊಡ್ಡ ಉಪಕಾರ.

ಗೋಟಡಿಕೆ (ಸಿದ್ದಾಪುರ ಕಡೆ)

ಮೇಷ್ಟ್ರೇ, ಮಂಗಕ್ಕೆ ವಾಸಿ ಮಾಡಿದ್ದಾರೆ ಅಂತ ಓದಿದ್ದೆ. ನಮ್ಮ ತೋಟದ ಮಂಗಗಳಿಗೆ ಈಗಲೇ ಹಣ್ಣು ಚೆನ್ನಾಗಿ ಕಾಣುತ್ತದೆ, ಇನ್ನೂ ಯಾಕೆ ಮಾರಾಯ್ರೆ!

ಅಂಕೋಲಾ ಮೇಷ್ಟ್ರು

ಅದು ದಕ್ಷಿಣ ಅಮೆರಿಕದ ಅಳಿಲುಮಂಗ. ಆ ಜಾತಿಯ ಗಂಡುಗಳಿಗೆಲ್ಲ ಹುಟ್ಟಿನಿಂದ ಕೆಂಪು ಹಸಿರು ಬೇರೆ ಕಾಣುವುದಿಲ್ಲ. ವೈರಸ್ಸಿನ ಬೆನ್ನ ಮೇಲೆ ಜೀನ್ ಕಳಿಸಿ 2009ರಲ್ಲಿ ಎರಡು ಮಂಗಗಳಿಗೆ ಬಣ್ಣ ಕಾಣುವಂತೆ ಮಾಡಿದರು. ಒಂದರ ಹೆಸರು ಡಾಲ್ಟನ್ ಅಂತಲೇ. ಆದರೆ ನಿಮ್ಮಂಥವರಿಗೆ ಆಸ್ಪತ್ರೆಯಲ್ಲಿ ಕೊಡುವ ಚಿಕಿತ್ಸೆ ಅದಲ್ಲ. ಹಿಸುಕಿ ನೋಡುವುದನ್ನು ಮುಂದುವರಿಸಿ.

ಸುಮ್ನೆ ಓದುವವ

ನಾನು ಮೇಲೆ ಹೇಳಿದ ಔಷಧದ ಮಾತು ವಾಪಸ್ ತಗೊಂಡೆ. ಆದರೆ ಒಂದು ಉಪಯೋಗದ ವಿಷಯ. 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಂದು ಕೇಸ್ ಬಂದಿತ್ತು. ತಮಿಳುನಾಡಿನ ವಿದ್ಯುತ್ ನಿಗಮದಲ್ಲಿ ಎಂಜಿನಿಯರ್ ಹುದ್ದೆಗೆ ಆಯ್ಕೆಯಾದವನಿಗೆ ಬಣ್ಣದ ದೋಷ ಅಂತ ಕೆಲಸ ಕೊಡಲಿಲ್ಲ. ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲೂ ಇದು ಬರುವುದಿಲ್ಲ. ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ. ಕೋರ್ಟ್ ಅವನಿಗೆ ಹೊಂದುವ ಕೆಲಸ ಕೊಡಿ ಅಂತ ಹೇಳಿತು. 2022ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೂ ಇದೇ ಕಾರಣಕ್ಕೆ ಯಾವ ಕೋರ್ಸಿನಿಂದಲೂ ಹೊರಗಿಡಬೇಡಿ ಅಂದಿತು. ಲೋಕೋ ಪೈಲಟ್ ಇಲ್ಲದಿದ್ದರೂ ದಾರಿ ಉಂಟು.

ತೋಟದ ಮಾವ (ಶಿರಸಿ)

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. ಹುಬ್ಬಳ್ಳಿಗೆ ಹೋಗಿ ಬಂದೆವು.

ಡಿ-15ರಲ್ಲಿ ಅಳಿಯ ಪಕ್ಕಪಕ್ಕದ ಎರಡು ಬಿಲ್ಲೆ ಹಿಂದುಮುಂದು ಮಾಡಿದ, ಬಾಕಿ ಸರಿ. ಹಸಿರಿನ ಕೋಶದ ದೋಷ, ತೀವ್ರ ಅಲ್ಲ ಅಂತ ಬರೆದುಕೊಟ್ಟಿದ್ದಾರೆ. ನನಗೆ ಖುಷಿಯಾಗಿ, ಹಾಗಾದರೆ ಇದನ್ನು ತೋರಿಸಿ ಅಪೀಲು ಹಾಕೋಣ ಅಂದೆ. ಅಲ್ಲಿನ ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. "ಹಾಕಲು ಅಡ್ಡಿ ಇಲ್ಲ, ಆದರೆ ಅವರು ಮತ್ತೆ ಅದೇ ಪುಸ್ತಕ, ಅದೇ ಲ್ಯಾಂಟರ್ನ್ ಇಡುತ್ತಾರೆ" ಅಂದರು. ಬರುವಾಗ ಬಸ್ಸಿನಲ್ಲಿ ಹುಡುಗನೇ ಹೇಳಿದ, ಬೇಡ ಮಾವ. ಯಲ್ಲಾಪುರ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ಮೊಬೈಲ್ ತೆಗೆದು ಡಿಪ್ಲೊಮಾಕ್ಕೆ ಬೇರೆ ಯಾವ ಹುದ್ದೆ ಕರೆದಿದ್ದಾರೆ ಅಂತ ಹುಡುಕತೊಡಗಿದ. ಬಣ್ಣದ ಷರತ್ತು ಇದೆಯಾ ಅಂತ ಮೊದಲು ನೋಡುತ್ತಾನೆ ಈಗ.

ಅವನನ್ನು ನಮ್ಮ ಮನೆಗೇ ಕರೆದುಕೊಂಡು ಬಂದೆ. ತಂಗಿಯೂ ಬಂದಿದ್ದಳು. ಪರಿಚಯದ ಕನ್ನಡಕದವರಿಂದ ಇಶಿಹಾರ ಪುಸ್ತಕ ಒಂದು ದಿನಕ್ಕೆ ತಂದಿದ್ದೆ. ಬೆಳಿಗ್ಗೆ ಹತ್ತು ಗಂಟೆ, ಜಗಲಿಯಲ್ಲಿ ಒಳ್ಳೆ ಬೆಳಕು. ಅಪ್ಪಯ್ಯ ಕವಳ ಹಾಕಿಕೊಂಡು ಕೂತಿದ್ದ. ಮೊದಲ ಹಾಳೆ ಹಿಡಿದೆ. 12 ಅಂದ. ಎರಡನೆಯದು ಹಿಡಿದೆ. 3 ಅಂದ. ನನ್ನ ಕೈ ಸ್ವಲ್ಪ ನಡುಗಿತು, ಸುಳ್ಳು ಯಾಕೆ ಹೇಳಲಿ. 74ರ ಹಾಳೆ ತೆಗೆದೆ.

"21" ಅಂದ ಅಪ್ಪಯ್ಯ. ಮೂರು ಸೆಕೆಂಡು ಬೇಕಾಗಲಿಲ್ಲ.

"21ಏ ಅಲ್ದಾ ಅಜ್ಜ" ಅಂದ ಅಳಿಯ.

ನಾನು 74 ಅಂದೆ. ಅಪ್ಪಯ್ಯ ಎದ್ದು ಹೋಗಿ ಅಂಗಳಕ್ಕೆ ಕವಳ ಉಗಿದು ಬಂದು ಪುಸ್ತಕ ಕಿತ್ತುಕೊಂಡ. ಹತ್ತಿರ ಹಿಡಿದ, ದೂರ ಹಿಡಿದ. "ನಿನಗೆ ಕಣ್ಣು ತೋರ್ಸವು" ಅಂತ ನನಗೇ ಹೇಳಿದ. ಅಜ್ಜ ಮೊಮ್ಮಗ ಸೇರಿ ನಕ್ಕಿದ್ದೇ ನಕ್ಕಿದ್ದು. ತಂಗಿ ಒಳಗಿನಿಂದ ಬಂದು ನೋಡಿ 74 ಅಂದಳು. ಈಗ ಮನೆಯಲ್ಲಿ ಎರಡಕ್ಕೆ ಎರಡು.

ಮೇಷ್ಟ್ರೇ, ನಿಮ್ಮ ಲೆಕ್ಕದ ಪ್ರಕಾರ ನನಗೆ ಅಪ್ಪಯ್ಯನ ಎಕ್ಸ್ ಬಂದಿಲ್ಲ, ನನ್ನ ಮಕ್ಕಳಿಗೆ ನನ್ನಿಂದ ಇದು ಹೋಗುವುದಿಲ್ಲ, ಹೌದಲ್ಲ? ತಂಗಿಗೆ ಒಬ್ಬಳು ಮಗಳೂ ಇದ್ದಾಳೆ. ಮುಂದೆ ಅವಳಿಗೆ ಗಂಡು ಮಗು ಆದರೆ ಶಾಲೆಗೆ ಸೇರಿಸುವಾಗಲೇ ಪುಸ್ತಕ ಓದಿಸಬೇಕು ಅಂತ ತಂಗಿಗೆ ಹೇಳಿದ್ದೇನೆ.

ಅಂಕೋಲಾ ಮೇಷ್ಟ್ರು

ಹೌದು, ಲೆಕ್ಕ ಸರಿ ಇದೆ. ನಿಮ್ಮ ಸೊಸೆಗೆ ಆ ಜೀನ್ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.

ಕನ್ನಡಕದಂಗಡಿ (ಕುಮಟಾ)

ಮಗುವಿಗೆ ಅಂಕಿ ಬರದಿದ್ದರೂ ಆಗುತ್ತದೆ. ಪುಸ್ತಕದ ಕೊನೆಯಲ್ಲಿ ಹಾವಿನಂಥ ಗೆರೆಯ ಹಾಳೆಗಳಿವೆ, ಕುಂಚದಿಂದ ಗೆರೆ ಹಿಡಿದು ಹೋಗು ಅಂದರೆ ಸಾಕು. ಬೆರಳು ಬೇಡ, ಹಾಳೆ ಕೊಳೆಯಾಗುತ್ತದೆ. ಪುಸ್ತಕ ವಾಪಸ್ ಕೊಟ್ಟಿರಾ? ಅಪ್ಪಯ್ಯನ ಕವಳದ ಕೈ ತಾಗಲಿಲ್ಲ ತಾನೆ?

ತೋಟದ ಮಾವ (ಶಿರಸಿ)

ತಾಗಿದೆ ಮೇಡಂ. 74ರ ಹಾಳೆಯ ಮೂಲೆಯಲ್ಲೇ. ಅಳಿಯನಿಗೆ ತೋರಿಸಿದರೆ ಕಲೆ ಎಲ್ಲಿದೆ ಅಂತ ಕೇಳುತ್ತಿದ್ದಾನೆ.